ಸಾಕಿದ ಪ್ರಾಣಿಯೂ ನಮ್ಮ ಕನಿಕರವೂ

(ಅಂಕೋಲೆಯಲ್ಲಿ ಕೂಡಿದ ಕಾರವಾರ ಮತ್ತು ಅಂಕೋಲೆ ತಾಲೂಕುಗಳ ಪಕ್ಷದ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳು ನಾವು ಕಾರವಾರದಲ್ಲಿ ಕೂಡಿದ್ದಾಗ ಮಧ್ಯಾಹ್ನದ ಊಟಕ್ಕೆ ಕೋಳಿ ಬಿರಿಯಾನಿ ಬಂದಿತ್ತು. ನಾನು ಒಂದು ಬದಿಗೆ ಕುಳಿತು ಅನ್ನ-ಸಾರು ಉಣ್ಣುತ್ತಿದ್ದುದನ್ನು ಕಂಡು ಹಿರಿಯ ಸಂಗಾತಿಯೊಬ್ಬರು, "ಏನು ಮಾಸ್ತರೇ, ಸಮಾಜವಾದ ಹೇಳುವ ನೀವೇ ಹೀಗೆ ಪಂಕ್ತಿಭೇದ ಮಾಡಿದರೆ ಹೇಗೆ?" ಎಂದು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ನನ್ನ ಸಂಗಡವೇ ಬಸ್ಸು ಹತ್ತಿ ಮನೆಗೆ ಬಂತು. ಅದಕ್ಕೆ ಉತ್ತರ ಕೊಡದೆ ಇರುವುದು ಸರಿಯಲ್ಲವೆಂದು ತೋರಿ, ಇಂದು ಅರ್ಧ ತಾಸು ನನಗೆ ಕೊಡಬೇಕೆಂದು ಅಧ್ಯಕ್ಷರನ್ನು ಕೇಳಿಕೊಂಡೆ. ಪಟ್ಟಾ, ಕೂಲಿ, ಪಡಿತರ ಚೀಟಿ, ಮೀನುಗಾರರ ಡೀಸೆಲ್ಲು ಇವುಗಳ ನಡುವೆ ಕೋಳಿ-ಕರುಗಳ ಪುರಾಣವೇಕೆ ಎಂದು ಕೆಲವರಿಗೆ ಅನಿಸಬಹುದು. ಕೊನೆಯ ತನಕ ಕೇಳಿರಿ. ಇದೂ ರೈತರ ಮಾತೇ.

ಮೊದಲು ಒಂದು ತಪ್ಪು ತಿಳುವಳಿಕೆಯನ್ನು ತೆಗೆದುಬಿಡುತ್ತೇನೆ. ನಾನು ಹುಟ್ಟಿನಿಂದ ಸಸ್ಯಾಹಾರಿಯಲ್ಲ. ಇದೇ ಅಂಕೋಲೆ ತಾಲೂಕಿನ ಒಂದು ಹಳ್ಳಿಯಲ್ಲಿ, ಬಂಗಡೆಯೋ ತಾರ್ಲೆಯೋ ಇಲ್ಲದಿದ್ದರೆ ಅನ್ನ ಗಂಟಲಿಗಿಳಿಯದ ಮನೆಯಲ್ಲಿ ಬೆಳೆದವನು. ಮಳೆಗಾಲಕ್ಕೆ ಒಣಮೀನು ಕೂಡಿಡದ ವರ್ಷವನ್ನು ನಮ್ಮ ಅವ್ವ ಬರಗಾಲವೆಂದೇ ಎಣಿಸುತ್ತಿದ್ದಳು. ಹೀಗಿದ್ದವನು ಮಾಂಸ ಬಿಟ್ಟದ್ದು ಯಾವ ಶಾಸ್ತ್ರವನ್ನೂ ಓದಿ ಅಲ್ಲ, ಯಾವ ಸ್ವಾಮಿಗಳ ಉಪದೇಶದಿಂದಲೂ ಅಲ್ಲ. ಬಿಟ್ಟದ್ದು ಒಂದು ಹುಂಜದ ದೆಸೆಯಿಂದ.

ಆಗ ನನಗೆ ಒಂಬತ್ತು ವರ್ಷ. ಮರಿಯಿದ್ದಾಗಲೇ ತಾಯಿಯನ್ನು ಮುಂಗುಸಿ ಒಯ್ದಿದ್ದರಿಂದ ಒಂದು ಕೆಂಪು ಹುಂಜ ನನ್ನ ಕೈಯಲ್ಲೇ ನುಚ್ಚು ತಿಂದು ದೊಡ್ಡದಾಯಿತು. ಬೇರೆ ಯಾರ ಹತ್ತಿರವೂ ಸುಳಿಯದ ಹಕ್ಕಿ ಅದು. ನಾನು ಶಾಲೆಯಿಂದ ಬಂದು ಅಂಗಳದಲ್ಲಿ ನಿಂತು "ಬಾ ಬಾ" ಎಂದರೆ ಸಾಕು, ಗದ್ದೆಯ ಹಾಳಿಯ ಮೇಲಿಂದ ರೆಕ್ಕೆ ಬಿಚ್ಚಿ ಓಡಿ ಬರುತ್ತಿತ್ತು. ಆ ವರ್ಷ ತಂದೆ ಜ್ವರ ಬಿದ್ದರು. ಗುಣವಾದರೆ ಊರ ದೇವತೆಗೆ ಹುಂಜ ಕೊಡುತ್ತೇವೆಂದು ಅಜ್ಜಿ ಹರಕೆ ಹೊತ್ತಳು. ತಂದೆಗೆ ಗುಣವಾಯಿತು. ಹರಕೆಯ ದಿವಸ ಮನೆಯವರೆಲ್ಲ ಸೇರಿ ಅಟ್ಟಿಸಿಕೊಂಡು ಹೋದರೂ ಹುಂಜ ಸಿಕ್ಕಲಿಲ್ಲ, ಹಲಸಿನ ಮರ ಹತ್ತಿ ಕುಳಿತಿತು. ಆಗ ಯಾರೋ, "ಹುಡುಗನ ಹತ್ತಿರ ಕರೆಯಿಸಿರಿ" ಎಂದರು. ನಾನು ಕರೆದೆ. ಬಂತು. ಎತ್ತಿಕೊಂಡೆ. ನನ್ನ ಅಂಗೈಯ ಕೆಳಗೆ ಅದರ ಎದೆ ಡಬಡಬ ಹೊಡೆದುಕೊಳ್ಳುತ್ತಿದ್ದುದು ಸ್ವಲ್ಪ ಹೊತ್ತಿನಲ್ಲಿ ನಿಧಾನವಾಯಿತು. ನನ್ನ ಕೈಗೆ ಬಂದ ಮೇಲೆ ಇನ್ನು ಭಯವಿಲ್ಲವೆಂದು ಅದು ತಿಳಿದುಕೊಂಡಿತ್ತು. ಹಾಗೆಯೇ ದೊಡ್ಡಪ್ಪನ ಕೈಗೆ ಕೊಟ್ಟೆ.

ಯಾರೂ ಅಂದು ಕೆಟ್ಟದ್ದು ಮಾಡಲಿಲ್ಲ. ಅಜ್ಜಿಗೆ ಮಗನ ಜೀವ ದೊಡ್ಡದಾಗಿತ್ತು, ನನಗೂ ತಂದೆ ಬೇಕಾಗಿದ್ದರು. ಆದರೆ ಅಂದಿನ ರಾತ್ರಿಯಿಂದ ಮಾಂಸ ನನಗೆ ಸೇರಲಿಲ್ಲ. ಮೀನನ್ನು ಮಾತ್ರ ಮತ್ತೆ ಮೂರು ವರ್ಷ ತಿಂದೆ. ಮೀನು ನಾನು ಕರೆದು ಬಂದದ್ದಲ್ಲವಲ್ಲ ಎಂಬುದು ಆಗಿನ ನನ್ನ ತರ್ಕ. ನಗಬೇಡಿರಿ, ದೊಡ್ಡವರ ತರ್ಕಗಳೂ ಇದಕ್ಕಿಂತ ಬಹಳ ಗಟ್ಟಿಯಾಗಿರುವುದಿಲ್ಲ.

ಇಷ್ಟು ಹೇಳಿದ್ದೇಕೆಂದರೆ, ನನ್ನ ಮನಸ್ಸಿನಲ್ಲಿರುವುದು ರಕ್ತದ ಹೇಸಿಗೆಯಲ್ಲ, ಮಡಿಯೂ ಅಲ್ಲ. ಮಾಂಸ ತಿಂದ ಬಾಯಿ ಮೈಲಿಗೆಯೆಂದು ನಾನು ಎಂದೂ ಎಣಿಸಿಲ್ಲ, ಅಂಥ ಬಾಯಿಗಳೇ ನನಗೆ ಮುತ್ತಿಟ್ಟು ಬೆಳೆಸಿದವು. ನನ್ನನ್ನು ಚುಚ್ಚುವುದು ಬೇರೆ. ಕಾಡಿನ ಪ್ರಾಣಿಗೆ ನಾವು ವೈರಿಗಳೆಂದು ಗೊತ್ತು, ಕಂಡರೆ ಓಡುತ್ತದೆ. ಸಾಕಿದ ಪ್ರಾಣಿ ಮಾತ್ರ ನಮ್ಮ ಧ್ವನಿಯನ್ನು ನಂಬಿದೆ. ಸಾವಿರಾರು ವರ್ಷ ನಾವೇ ಕಲಿಸಿದ ನಂಬಿಕೆ ಅದು. ಆ ನಂಬಿಕೆಯನ್ನೇ ಹಿಡಿದುಕೊಂಡು ಅದನ್ನು ಕತ್ತಿಯ ಬಳಿಗೆ ಒಯ್ಯುವಾಗ ಮನುಷ್ಯನ ಕೈ ಒಂದು ಕ್ಷಣವಾದರೂ ನಡುಗಬೇಕು. ಇದಿಷ್ಟೇ ನನ್ನ ಸಸ್ಯಾಹಾರದ ತತ್ವ.

ನಮ್ಮ ಕಾರವಾರಕ್ಕೆ 1883ರಲ್ಲಿ ಇಪ್ಪತ್ತೆರಡು ವರ್ಷದ ತರುಣರೊಬ್ಬರು ಬಂದು ಅಣ್ಣನ ಮನೆಯಲ್ಲಿ ಉಳಿದಿದ್ದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿಯ ಜಿಲ್ಲಾ ನ್ಯಾಯಾಧೀಶರು. ತಮ್ಮ ರವೀಂದ್ರನಾಥ ಠಾಕೂರರು ಈ ಕಡಲ ದಂಡೆಯಲ್ಲಿಯೇ 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದರು. ದಂಡೆಗೆ ಅವರ ಹೆಸರಿಟ್ಟಿದ್ದೇವೆ. ಇದು ಎಲ್ಲರಿಗೂ ಗೊತ್ತು. ಹನ್ನೊಂದು ವರ್ಷಗಳ ಬಳಿಕ, 1894ರ ಮಾರ್ಚಿನಲ್ಲಿ, ಬಂಗಾಲದ ನದಿಯೊಂದರ ದೋಣಿಯಲ್ಲಿದ್ದಾಗ ಅವರು ಬರೆದ ಪತ್ರವೊಂದು ಮಾತ್ರ ಅಷ್ಟು ಜನಕ್ಕೆ ಗೊತ್ತಿಲ್ಲ. ದೋಣಿಯ ಅಡಿಗೆಮನೆಯಿಂದ ತಪ್ಪಿಸಿಕೊಂಡ ಕೋಳಿಯೊಂದು ನೀರಿಗೆ ಹಾರಿ ದಂಡೆಯ ಕಡೆಗೆ ಈಜತೊಡಗಿತಂತೆ. ಇನ್ನೇನು ದಡ ಮುಟ್ಟಬೇಕು ಎನ್ನುವಷ್ಟರಲ್ಲಿ ಆಳುಗಳು ಹಿಡಿದು ತಂದರು. ಠಾಕೂರರು ಅಡಿಗೆಯವನನ್ನು ಕರೆದು ತಮಗೆ ಮಾಂಸ ಬೇಡವೆಂದುಬಿಟ್ಟರು. ನಾವು ಮಾಡುತ್ತಿರುವುದೇನೆಂದು ಯೋಚಿಸದೆ ಇರುವುದರಿಂದಲೇ ನಾವು ಮಾಂಸ ನುಂಗಬಲ್ಲೆವು ಎಂಬ ಅರ್ಥದ ಮಾತನ್ನೂ ಆ ಪತ್ರದಲ್ಲಿ ಬರೆದರು. ನನಗೆ ಹುಂಜ ಕಲಿಸಿದ್ದನ್ನೇ ಅವರಿಗೂ ಒಂದು ಕೋಳಿ ಕಲಿಸಿತೆಂದು ಓದಿ ಸಮಾಧಾನವಾಯಿತು.

ಆದುದರಿಂದ ಪಕ್ಷದ ಮಿತ್ರರಿಗೆ ನನ್ನ ಮೊದಲ ಬಿನ್ನಹ ಇದು. ಕನಿಕರವನ್ನು ನಗೆಯಾಡಬೇಡಿರಿ. ಮೂಕಪ್ರಾಣಿಗೆ ಮರುಗುವುದು ಮೇಲ್ಜಾತಿಯವರ ಗುತ್ತಿಗೆಯೆಂದು ನಾವೇ ಒಪ್ಪಿ ಬಿಟ್ಟುಕೊಟ್ಟರೆ, ಅದನ್ನು ಅವರು ದೊಣ್ಣೆ ಮಾಡಿಕೊಳ್ಳುತ್ತಾರೆ. ಮಾಡಿಕೊಂಡಿದ್ದಾರೆ ಕೂಡ.

ಇನ್ನು ನನ್ನಂಥ ಸಸ್ಯಾಹಾರಿಗಳ ಕಡೆಗೆ ತಿರುಗುತ್ತೇನೆ. ಇಲ್ಲಿ ಮಾತು ಉದ್ದವಾಗಬೇಕಾಗಿದೆ, ಏಕೆಂದರೆ ತಪ್ಪು ನಮ್ಮಲ್ಲಿ ಹೆಚ್ಚು.

ನಮ್ಮ ರಾಜ್ಯದಲ್ಲಿ ಐವರಲ್ಲಿ ಸುಮಾರು ನಾಲ್ವರು ಮೀನು-ಮಾಂಸ ಉಣ್ಣುವವರು. ಉಳಿದ ಒಬ್ಬನ ಗಂಟಲು ಮಾತ್ರ ಬಹಳ ದೊಡ್ಡದು. ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡಬೇಕೆಂದಾಗ ಎಷ್ಟು ವರ್ಷ ಗದ್ದಲ ನಡೆಯಿತೆಂಬುದು ನಿಮಗೆ ನೆನಪಿದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಕಡೆಯ ಜಿಲ್ಲೆಗಳಲ್ಲಿ ಪ್ರಾರಂಭವಾಗಿ, ಮರುವರ್ಷ ನಮ್ಮ ಕಡೆಗೂ ಬಂತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇಲ್ಲವೇ ಶೇಂಗಾ ಚಿಕ್ಕಿ. ನಾನು ಆಗ ಒಂದು ಅನುದಾನಿತ ಶಾಲೆಯಲ್ಲಿ ತಾತ್ಕಾಲಿಕ ಶಿಕ್ಷಕ. ಮೊಟ್ಟೆ ಎಣಿಸಿ ಹಂಚುವ ಕೆಲಸ ಈ ಸಸ್ಯಾಹಾರಿಯ ಪಾಲಿಗೇ ಬಂತು. ಸಿಪ್ಪೆ ಬಿಡಿಸಿಯೂ ಕೊಟ್ಟೆ. ಮೊದಲ ದಿವಸ ಒಂದು ಹುಡುಗಿ ಅರ್ಧ ತಿಂದು, ಉಳಿದರ್ಧವನ್ನು ತಮ್ಮನಿಗೆಂದು ಪಾಟಿಚೀಲದಲ್ಲಿ ಇಟ್ಟುಕೊಂಡಳು. ಅದನ್ನು ಕಂಡವನಿಗೆ ಮೊಟ್ಟೆ ಬೇಡವೆನ್ನುವ ಬಾಯಿ ಇರುವುದಿಲ್ಲ. ನಮ್ಮ ಸಂವಿಧಾನದ 47ನೆಯ ವಿಧಿ ಜನರ ಪೌಷ್ಟಿಕತೆ ಹೆಚ್ಚಿಸುವುದು ಸರಕಾರದ ಕರ್ತವ್ಯವೆನ್ನುತ್ತದೆ. ಅದರ ಪಕ್ಕದ ಮನೆ 48ನೆಯದು, ಹಸು-ಕರುಗಳ ವಧೆ ತಡೆಯುವ ಮಾತು ಅಲ್ಲಿದೆ. ನಮ್ಮ ಮುಖಂಡರಲ್ಲಿ ಅನೇಕರು ಪಕ್ಕದ ಮನೆಗೆ ದಿನವೂ ಹೋಗುತ್ತಾರೆ, 47ರ ಬಾಗಿಲನ್ನು ತಟ್ಟಿಯೂ ನೋಡುವುದಿಲ್ಲ.

ಆ ಶಾಲೆಯಲ್ಲಿಯೇ, ಮೊಟ್ಟೆ ಬರುವುದಕ್ಕಿಂತ ಬಹಳ ಮೊದಲು, ಇನ್ನೊಂದು ಸಂಗತಿ ನಡೆಯಿತು. ಅದನ್ನು ಹೇಳುವುದಕ್ಕೆ ನನಗೆ ನಾಚಿಕೆಯಾಗುತ್ತದೆ. ಪುಣ್ಯಕೋಟಿಯ ಕಥೆಯನ್ನು ಹೇಳುತ್ತಿದ್ದೆ. ಯಾವ ಕನ್ನಡ ಮಾಸ್ತರನಿಗೂ ಆ ಕಥೆ ಹೇಳುವಾಗ ತನ್ನ ಧ್ವನಿಯ ಮೇಲೆ ತನಗೇ ಮೋಹವಾಗುತ್ತದೆ. ನನಗೂ ಆಗಿತ್ತು. ಮಕ್ಕಳು ಕಣ್ಣೊರೆಸಿಕೊಳ್ಳುತ್ತಿದ್ದರು. ಆಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಆ ಕರು ಹೆಣ್ಣೋ, ಗಂಡೋ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಕಟ್ಟಿದ ರಸ ಒಡೆಯಿತೆಂದು ನನಗೆ ಸಿಟ್ಟು ಬಂತು. ಅಧಿಕಪ್ರಸಂಗಿಯೆಂದು ಬೈದು, ಅವನನ್ನು ಅವಧಿ ಮುಗಿಯುವ ತನಕ ನಿಲ್ಲಿಸಿದೆ. ಅವನು ನಗಿಸುವುದಕ್ಕೆ ಕೇಳಿರಲಿಲ್ಲ. ಅವನ ಮನೆಯಲ್ಲಿ ಹಸುಗಳಿದ್ದವು. ಹೆಣ್ಣುಗರು ಉಳಿಯುತ್ತದೆ, ಹೋರಿಗರು ಉಳಿಯುವುದಿಲ್ಲ ಎಂಬುದನ್ನು ಅವನು ಕಣ್ಣಾರೆ ಕಂಡವನು. ಕಥೆಯ ಕರು ಮುಂದೆ ಬದುಕೀತೇ ಎಂದು ತಿಳಿಯುವುದು ಅವನಿಗೆ ಬೇಕಾಗಿತ್ತು. ಮಾಸ್ತರಿಗೆ ಇದು ಹೊಳೆಯಲಿಲ್ಲ.

ಹೊಳೆದದ್ದು ಶಾಲೆ ಬಿಟ್ಟು ಪಕ್ಷದ ಕೆಲಸಕ್ಕೆ ಹಳ್ಳಿ ತಿರುಗತೊಡಗಿದ ಮೇಲೆ.

ಇದೇ ತಾಲೂಕಿನಲ್ಲಿ, ಘಟ್ಟದ ಬುಡದ ಒಂದು ಹಳ್ಳಿ. ಅಲ್ಲಿ ಗಂಡನನ್ನು ಕಳಕೊಂಡ ಒಬ್ಬ ತಾಯಿ ಇದ್ದಾಳೆ. ಹೆಸರು ಬೇಡ. ಸಾಲ ತೆಗೆದು ಎರಡು ಮಿಶ್ರತಳಿಯ ಹಸು ಕಟ್ಟಿದ್ದಾಳೆ. ನಮ್ಮ ಹಿಂದಿನ ಮಲೆನಾಡು ಗಿಡ್ಡ ದಿನಕ್ಕೆ ಒಂದೆರಡು ಲೀಟರು ಹಾಲು ಕೊಟ್ಟು ಗುಡ್ಡದಲ್ಲಿ ತಾನೇ ಮೇದು ಬರುತ್ತಿತ್ತು. ಅದರ ಹೋರಿಗರು ಗದ್ದೆಯ ಎತ್ತಾಗುತ್ತಿತ್ತು. ಹುಟ್ಟಿದ ಗಂಡಿಗೆ ನೊಗದಲ್ಲಿ ಒಂದು ನೌಕರಿ ಕಾದಿರುತ್ತಿತ್ತು. ಈಗ ಉಳುವುದು ಟಿಲ್ಲರು, ಗಾಡಿ ಹೊಡೆಯುವುದು ಟೆಂಪೋ. ಜರ್ಸಿ ಮಿಶ್ರತಳಿಯ ಹೋರಿಗರುವಿಗೆ ಡುಬ್ಬವೂ ಸರಿಯಾಗಿಲ್ಲ, ನಮ್ಮ ಬಿಸಿಲೂ ಆಗದು. ಹಸು ಹಾಲು ಕೊಡಬೇಕಾದರೆ ಕರು ಹಾಕಲೇಬೇಕು, ಹಾಕುವ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡೇ. ಈ ಲೆಕ್ಕವನ್ನು ಹಾಲು ಕುಡಿಯುವ ನಾವು ಯಾರೂ ಮಾಡುವುದಿಲ್ಲ. ಕರು ದಿನಕ್ಕೆ ಎರಡು-ಮೂರು ಲೀಟರು ಕುಡಿದರೆ, ಲೀಟರಿಗೆ ಆಗಿನ ಮೂವತ್ತು-ಮೂವತ್ತೈದರ ದರದಲ್ಲಿ ಆ ತಾಯಿಯ ಕಂತಿನ ಹಣವೇ ಕರುವಿನ ಹೊಟ್ಟೆಗೆ ಹೋಯಿತು.

ಮೊದಲು ಯಾರೋ ಒಬ್ಬ ಬಂದು ಒಂದಿಷ್ಟು ದುಡ್ಡು ಕೊಟ್ಟು ಒಯ್ಯುತ್ತಿದ್ದ. ಎಲ್ಲಿಗೆ ಎಂದು ಅವಳೂ ಕೇಳುತ್ತಿರಲಿಲ್ಲ, ಅವನೂ ಹೇಳುತ್ತಿರಲಿಲ್ಲ. 1964ರ ಕಾಯದೆಯ ಪ್ರಕಾರವೂ ಕರುವನ್ನು ಕಡಿಯುವಂತಿರಲಿಲ್ಲ. ಆದರೆ ಹನ್ನೆರಡು ವರ್ಷ ದಾಟಿದ ಎತ್ತು-ಕೋಣಗಳನ್ನು ಅಧಿಕಾರಿಯ ದಾಖಲೆಯೊಡನೆ ಕೊಡಬಹುದಾಗಿತ್ತು. ವ್ಯಾಪಾರವೊಂದು ನಡೆದಿತ್ತು, ಅದರ ನೆರಳಿನಲ್ಲಿ ಇದೂ ನಡೆಯುತ್ತಿತ್ತು. 2021ರ ಜನವರಿಯಿಂದ ಹೊಸ ಕಾಯದೆ ಬಂತು. ಹದಿಮೂರು ವರ್ಷ ಮೀರಿದ ಎಮ್ಮೆ-ಕೋಣ ಬಿಟ್ಟರೆ ಯಾವ ದನವನ್ನೂ ಕಡಿಯುವಂತಿಲ್ಲ. ತಪ್ಪಿದರೆ ಮೂರರಿಂದ ಏಳು ವರ್ಷ ಸೆರೆ, ಐವತ್ತು ಸಾವಿರದಿಂದ ಐದು ಲಕ್ಷದ ತನಕ ದಂಡ. ಕೊಳ್ಳುವವನು ಬರುವುದನ್ನು ಬಿಟ್ಟ. ಕಾಯದೆ ಮಾಡಿದವರು ಕರುವನ್ನು ಉಳಿಸಿದೆವೆಂದು ಮಾಲೆ ಹಾಕಿಸಿಕೊಂಡರು. ಉಳಿದ ಕರುವಿಗೆ ಹುಲ್ಲು ಹಾಕುವವರು ಯಾರೆಂಬುದನ್ನು ಕಾಯದೆಯಲ್ಲಿ ಬರೆಯಲಿಲ್ಲ.

ಆ ತಾಯಿ ಒಂದು ಹೋರಿಗರುವನ್ನು ಐದು ತಿಂಗಳು ಸಾಕಿದಳು. ಆಮೇಲೆ ನಾಲ್ಕು ಮೈಲು ದೂರ ಬಿಟ್ಟು ಬಂದಳು. ಮರುದಿವಸ ಅದು ಮನೆಗೆ ಬಂತು. ಮತ್ತೆ ಬಿಟ್ಟಳು. ಮತ್ತೆ ಬಂತು. ಮುಸ್ಸಂಜೆಗೆ ಅವಳು ಉಳಿದ ದನಗಳನ್ನು ಕರೆಯುವಾಗ ಬೇಲಿಯ ಹೊರಗೆ ನಿಂತು ಕೂಗುತ್ತಿತ್ತಂತೆ. ಮೂರನೆಯ ಸಲ ಟೆಂಪೋದವನಿಗೆ ದುಡ್ಡು ಕೊಟ್ಟು ಗಂಗಾವಳಿ ಸೇತುವೆಯ ಆಚೆ ಹೆದ್ದಾರಿಯಲ್ಲಿ ಇಳಿಸಿ ಬರುವಂತೆ ಹೇಳಿದಳು. ಹತ್ತು ದಿವಸಗಳೊಳಗೆ ರಾತ್ರಿ ಲಾರಿಯೊಂದು ಬಡಿದು ಹೋಯಿತು. ಸತ್ತ ಕರುವಿನ ಕೊರಳಲ್ಲಿ ಇವಳ ಮನೆಯ ಹಗ್ಗವಿತ್ತು. ಸುದ್ದಿ ಬಂದ ದಿವಸ ನಾನು ಅವಳ ಜಗಲಿಯ ಮೇಲೆ ಕುಳಿತಿದ್ದೆ, ಪಿಂಚಣಿಯ ಅರ್ಜಿ ಬರೆದುಕೊಡಲು ಹೋಗಿದ್ದೆ. "ಮಾಸ್ತರೇ, ಮಾರಿದರೆ ಪೋಲೀಸರು, ಕಟ್ಟಿದರೆ ಸಾಲ, ಬಿಟ್ಟರೆ ಹೀಗೆ. ನಾನು ಏನು ಮಾಡಬೇಕಿತ್ತು?" ಎಂದು ಕೇಳಿದಳು. ನನ್ನ ಕೈಯಲ್ಲಿ ಅವಳು ಕೊಟ್ಟ ಚಹಾದ ಲೋಟ ಇತ್ತು. ಒಳ್ಳೆಯ ಗಟ್ಟಿ ಹಾಲಿನ ಚಹಾ.

ಸಂಗಾತಿಗಳೇ, ಇಪ್ಪತ್ತೈದು ವರ್ಷಗಳಿಂದ ನಾನು ಪ್ರಾಣಿಹಿಂಸೆ ಮಾಡಿಲ್ಲವೆಂದು ನನ್ನಷ್ಟಕ್ಕೆ ನಾನು ನೆಮ್ಮದಿಯಿಂದಿದ್ದೆ. ಆ ಲೋಟ ಆ ನೆಮ್ಮದಿಯನ್ನು ಕಳೆಯಿತು. ಹುಂಜವನ್ನು ನಾನು ಕರೆದು ಕೊಟ್ಟೆ. ಕರುವನ್ನು ಕರೆಯುವ ಕಷ್ಟ, ಬಿಟ್ಟು ಬರುವ ಕಷ್ಟ ಎರಡನ್ನೂ ಆ ತಾಯಿಯ ಮೇಲೆ ಹಾಕಿ, ಹಾಲನ್ನು ಮಾತ್ರ ನಾನು ಇಟ್ಟುಕೊಂಡೆ.

ಗಾಂಧಿಯವರಿಗೆ ಈ ಲೆಕ್ಕ ಗೊತ್ತಿತ್ತು. ಹಸು-ಎಮ್ಮೆಗಳ ಹಾಲು ಕಡೆಯ ಹನಿಯ ತನಕ ಹಿಂಡಲು ಗವಳಿಗರು ಮಾಡುತ್ತಿದ್ದ ಕ್ರೌರ್ಯವನ್ನು ಕೇಳಿ, 1912ರಲ್ಲಿ ದಕ್ಷಿಣ ಆಫ್ರಿಕೆಯಲ್ಲಿದ್ದಾಗ ಅವರು ಹಾಲನ್ನೇ ಬಿಟ್ಟರು. ಮುಂದೆ ಸಾಯುವಷ್ಟು ಕಾಯಿಲೆ ಬಿದ್ದಾಗ ಆಡಿನ ಹಾಲು ಕುಡಿದರು. ವ್ರತದ ಮಾತು ಉಳಿಯಿತು, ಅರ್ಥ ಹೋಯಿತು ಎಂಬ ಕೊರಗನ್ನು ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದಿದ್ದಾರೆ. ಅವರೇ 1934ರಲ್ಲಿ ನಮ್ಮ ಜಿಲ್ಲೆಯಲ್ಲಿ ಹರಿಜನ ಪ್ರವಾಸ ಮಾಡುತ್ತ ಶಿರಸಿಗೆ ಬಂದಾಗ, ಮಾರಿಕಾಂಬೆಯ ಗುಡಿಯಲ್ಲಿ ಕೋಣ ಕಡಿಯುವ ರೂಢಿ ಇರುವ ತನಕ ಒಳಗೆ ಬರಲೊಲ್ಲೆನೆಂದರು. ಗುಡಿಯನ್ನು ನೋಡಿಕೊಳ್ಳುವವರೇ ಮನಸ್ಸು ಮಾಡಿ ಆ ಬಲಿಯನ್ನು ನಿಲ್ಲಿಸಿದರು. ಪ್ರಾಣಿಬಲಿ ತಡೆಯುವ ರಾಜ್ಯದ ಕಾಯದೆ ಬಂದದ್ದು 1959ರಲ್ಲಿ, ಅಂದರೆ ಶಿರಸಿಯ ಕೋಣ ಉಳಿದು ಇಪ್ಪತ್ತು ವರ್ಷಗಳ ಮೇಲೆ. ಯಾರ ತಲೆಯೂ ಒಡೆಯಲಿಲ್ಲ, ಯಾರ ಗಾಡಿಯೂ ಸುಡಲಿಲ್ಲ. ಹೇಳಿದವನು ಮೊದಲು ತನ್ನ ಬಟ್ಟಲನ್ನು ಸೋಸಿಕೊಂಡಿದ್ದ.

ಈಗಿನ ಕನಿಕರ ಹೇಗಿದೆ? 2025ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಹೊನ್ನಾವರ ತಾಲೂಕಿನ ಸಾಲ್ಕೋಡಿನಲ್ಲಿ ಮೇಯಲು ಹೋದ ಗಬ್ಬದ ಹಸುವೊಂದನ್ನು ಕೊಂದು ಮಾಂಸ ಒಯ್ದರು. ಅದನ್ನು ಓದಿ ನನಗೆ ಎರಡು ದಿವಸ ಊಟ ಸೇರಲಿಲ್ಲ. ಆ ಹಸುವಿಗೆ ಮೈ ತೊಳೆದು ಹೆಸರಿಟ್ಟು ಕರೆಯುತ್ತಿದ್ದ ಮನೆಯವರ ದುಃಖ ಸಣ್ಣದಲ್ಲ, ಅದು ಕಳವೂ ಹೌದು, ಕ್ರೌರ್ಯವೂ ಹೌದು, ಶಿಕ್ಷೆ ಆಗತಕ್ಕದ್ದೇ. ಆದರೆ ಆ ಮನೆಯವರ ದುಃಖವನ್ನು ಎತ್ತಿಕೊಂಡು ಪೇಟೆ ಪೇಟೆಗಳಲ್ಲಿ ಒಂದು ಸಮಾಜದ ಮೇಲೆಯೇ ಕೂಗಾಡಿದವರಲ್ಲಿ ಎಷ್ಟು ಜನ ಕೊಟ್ಟಿಗೆಯ ಸಗಣಿ ಬಾಚಿದವರು? ಹೆದ್ದಾರಿಯಲ್ಲಿ ಸತ್ತ ನಮ್ಮ ಹೋರಿಗರುವಿನ ಸಲುವಾಗಿ ಯಾರೂ ಬಂದ್ ಕರೆಯಲಿಲ್ಲ. ಅದನ್ನು ಕೊಂದ ಲಾರಿಗೆ ಜಾತಿಯಿರಲಿಲ್ಲ.

ಇನ್ನು ಕೋಳಿಯ ಮಾತು. ಬಿರಿಯಾನಿಯ ಮಿತ್ರರು ಸ್ವಲ್ಪ ಮುಂದೆ ಬಂದು ಕೂಡಬೇಕು.

ನನ್ನ ಹುಂಜ ಎರಡು ವರ್ಷ ಅಂಗಳದಲ್ಲಿ ಕೆದರಿತು, ಕೂಗಿತು, ನೆರೆಮನೆಯ ಹುಂಜದ ಸಂಗಡ ಕಾದಿತು. ಬದುಕು ಇತ್ತು, ಒಂದು ದಿವಸ ಮುಗಿಯಿತು. ನೀವು ಅಂದು ಉಂಡ ಕೋಳಿ ಹಾಗಲ್ಲ. ಅದರ ಆಯುಷ್ಯ ನಲವತ್ತು-ನಲವತ್ತೆರಡು ದಿವಸ. ಅಷ್ಟರೊಳಗೆ ಎರಡು ಕಿಲೋ ದಾಟಬೇಕು. ಮೈ ಬೆಳೆದಷ್ಟು ಬೇಗ ಕಾಲು ಬೆಳೆಯುವುದಿಲ್ಲ. ಕೊನೆಯ ವಾರ ಅನೇಕವು ಕೂತಲ್ಲಿಂದ ಏಳಲಾರವು. ಒಂದೊಂದಕ್ಕೆ ಸುಮಾರು ಒಂದು ಚದರ ಅಡಿ ಜಾಗ. ತಾಯಿಯನ್ನು ಕಂಡಿಲ್ಲ, ಮಣ್ಣು ಕೆದರಿಲ್ಲ. ಮೊಟ್ಟೆಯ ಕೋಳಿಯ ಪಾಡು ಇನ್ನೂ ಕೆಟ್ಟದು. ಊರಕೋಳಿ ವರ್ಷಕ್ಕೆ ಐವತ್ತು-ಅರವತ್ತು ಇಟ್ಟರೆ ಇದು ಮುನ್ನೂರು ಇಡಬೇಕು, ಅದೂ ನಮ್ಮ ಬರೆಯುವ ಹಾಳೆಯಷ್ಟು ಅಗಲದ ತಂತಿಪಂಜರದ ಪಾಲಿನಲ್ಲಿ ನಿಂತು, ರೆಕ್ಕೆ ಬಿಚ್ಚದೆ. ಆ ತಳಿಯ ಹುಂಜದ ಮರಿಗಳನ್ನು ಹುಟ್ಟಿದ ದಿವಸವೇ ಆರಿಸಿ ಕೊಲ್ಲುತ್ತಾರೆ. ಮತ್ತೆ ಅದೇ ಗಂಡಿನ ಪಾಡು, ನೋಡಿರಿ. 2017ರಲ್ಲಿ ಕೇಂದ್ರದ ಕಾನೂನು ಆಯೋಗ ತನ್ನ 269ನೆಯ ವರದಿಯಲ್ಲಿ ಈ ಕೋಳಿಗಳನ್ನು ಇಡುವ, ಸಾಗಿಸುವ ಬಗೆಗೆ ನಿಯಮ ಮಾಡಿರೆಂದು ಸರಕಾರಕ್ಕೆ ಬರೆದು ಕೊಟ್ಟಿತು. ಪಂಜರಗಳು ಇನ್ನೂ ಇವೆ. ನಾನು ಸಿಪ್ಪೆ ಬಿಡಿಸಿ ಮಕ್ಕಳಿಗೆ ಕೊಟ್ಟ ಮೊಟ್ಟೆಗಳು ಎಂಥ ಕಡೆಯಿಂದ ಬಂದವೆಂದು ನನಗೆ ಆಗಲೇ ಗೊತ್ತಿತ್ತು. ಆದರೂ ಕೊಟ್ಟೆ. ಮುಂದೆಯೂ ಕೊಡುತ್ತೇನೆ. ಆ ಹುಡುಗಿಯ ಪಾಟಿಚೀಲ ಒಂದು ಕಡೆ, ಆ ಪಂಜರ ಒಂದು ಕಡೆ, ಎರಡನ್ನೂ ಒಟ್ಟಿಗೆ ಹೊತ್ತುಕೊಂಡೇ ನಡೆಯಬೇಕಾಗಿದೆ.

ಇದರಲ್ಲಿ ಸಾಕುವವನ ಪಾಲು ಏನು? ಕಂಪನಿಯವರು ಒಂದು ದಿವಸದ ಮರಿ ತಂದು ಹಾಕುತ್ತಾರೆ. ತಿನಿಸು ಅವರದು, ಔಷಧ ಅವರದು, ಕೋಳಿಯೂ ಅವರದೇ. ರೈತನದು ಜಾಗ, ಬ್ಯಾಂಕಿನ ಸಾಲದಲ್ಲಿ ಕಟ್ಟಿದ ಶೆಡ್ಡು, ವಿದ್ಯುತ್ತಿನ ಬಿಲ್ಲು, ನೀರು, ಗಂಡ-ಹೆಂಡತಿಯ ರಾತ್ರಿ ನಿದ್ದೆ. ಕಡೆಗೆ ತೂಕ ಮಾಡಿ ಕಿಲೋದ ಮೇಲೆ ಕೆಲವು ರೂಪಾಯಿ ಸಾಕಣೆಯ ಕೂಲಿ ಕೊಡುತ್ತಾರೆ. ಏಪ್ರಿಲ್ಲಿನ ಸೆಕೆಗೆ ನೂರಾರು ಸತ್ತರೆ ಕೂಲಿಯಲ್ಲಿ ಮುರಿಯುತ್ತಾರೆ. ಕರಾರಿನ ಕಾಗದ ಹೆಚ್ಚಾಗಿ ಅವನಿಗೆ ಓದಲು ಬಾರದ ಭಾಷೆಯಲ್ಲಿರುತ್ತದೆ.

ಇದನ್ನು ಕೇಳುವಾಗ ನಿಮಗೆ ಏನೂ ನೆನಪಾಗುವುದಿಲ್ಲವೇ? 1951ರಲ್ಲಿ ಘಟ್ಟದ ಮೇಲೆ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದದ್ದು ಯಾತಕ್ಕೆ? ಗೇಣಿ ಅಳೆಯುವ ಕೊಳಗದ ಅಳತೆಗೆ. ಒಡೆಯನ ಕೊಳಗ ದೊಡ್ಡದಾಗಿತ್ತು. ಲೋಹಿಯಾ ಅವರು ಅಲ್ಲಿಗೆ ಬಂದು ಸೆರೆಯಾದರು. 1974ರಲ್ಲಿ ಭೂಸುಧಾರಣೆಯಿಂದ ಉಳುವವನಿಗೆ ಹೊಲ ಬಂತು. ಈಗ ಅದೇ ಹೊಲದಲ್ಲಿ ಶೆಡ್ಡು ಕಟ್ಟಿ, ಒಡೆಯನ ಹೆಸರು ಗೊತ್ತಿಲ್ಲದ ಗೇಣಿಯನ್ನು ನಾವಾಗಿಯೇ ಬರಮಾಡಿಕೊಂಡಿದ್ದೇವೆ. ಕೊಳಗದ ಬದಲು ತೂಕದ ಯಂತ್ರ, ಅಷ್ಟೇ. ಹಕ್ಕಿಯನ್ನು ಒಂದು ಚದರ ಅಡಿಗೆ ಕೂಡಿಹಾಕಿದ ಬಂಡವಲವೇ ಮನುಷ್ಯನನ್ನು ಕರಾರಿಗೆ ಕೂಡಿಹಾಕಿದೆ. ಇಂಥ ಒಂದು ಶೆಡ್ಡಿನಲ್ಲಿ ನಾನು ರಾತ್ರಿ ಉಳಿದಿದ್ದೆ. ಹತ್ತು ವರ್ಷ ಕೋಳಿ ಸಾಕಿದ ಆ ರೈತ ಅವುಗಳ ಮಾಂಸ ತಿನ್ನುವುದಿಲ್ಲ. ಯಾಕೆಂದು ಕೇಳಿದೆ. "ಇವು ನನ್ನ ಮೋರೆ ನೋಡುವುದಿಲ್ಲ, ಮಾಸ್ತರೇ. ತಿನಿಸಿನ ಡಬ್ಬಿ ನೋಡುತ್ತವೆ" ಎಂದ. ಯಾಕೋ ಆ ಮಾತು ನನಗೆ ಈ ಹೊತ್ತಿನ ತನಕ ಪೂರ್ತಿ ಅರ್ಥವಾಗಿಲ್ಲ. ಆದರೆ ನನ್ನ ಹುಂಜದ ಕಥೆಯನ್ನು ಅವನಿಗೆ ಹೇಳಿದಾಗ ಅವನು ನಗಲಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಎಲ್ಲರೂ ನನ್ನಂತೆ ಅನ್ನ-ಸಾರು ಉಣ್ಣಿರಿ ಎಂದು ನಾನು ಹೇಳುವುದಿಲ್ಲ. ಬೈತಖೋಲದ ಬೆಸ್ತರ ಮನೆಯಲ್ಲಿ ಹಾಗೆ ಹೇಳುವ ಧೈರ್ಯವೂ ನನಗಿಲ್ಲ, ಹಕ್ಕೂ ಇಲ್ಲ. ಹಾಲನ್ನು ನಾನು ಚಹಾದಿಂದ ಬಿಟ್ಟಿದ್ದೇನೆ, ಮಜ್ಜಿಗೆ ಬಿಡಲಾಗಲಿಲ್ಲ. ಇದನ್ನೂ ಹೇಳಿಯೇ ಇಡುತ್ತೇನೆ, ಇಲ್ಲದಿದ್ದರೆ ನಾಳೆ ಯಾರಾದರೂ ನನ್ನನ್ನು ಖಾನಾವಳಿಯಲ್ಲಿ ಹಿಡಿದಾರು. ಆದರೆ ಪಕ್ಷ ಮಾಡಬಹುದಾದ ಕೆಲಸಗಳಿವೆ.

ಹೆಣ್ಣುಗರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯದ ಕಡ್ಡಿ ಈಗ ಬಂದಿದೆ, ನೂರಕ್ಕೆ ತೊಂಬತ್ತರಷ್ಟು ಫಲ ಕೊಡುತ್ತದೆ. ಸರಕಾರ ಅದಕ್ಕೆ ಸಹಾಯಧನವನ್ನೂ ಇಟ್ಟಿದೆ. ಘಟ್ಟದ ಬುಡದ ಆ ತಾಯಿಗೆ ಅದರ ಹೆಸರೇ ಗೊತ್ತಿರಲಿಲ್ಲ. ಹುಟ್ಟಿಸಿ ಹೆದ್ದಾರಿಗೆ ಬಿಡುವುದಕ್ಕಿಂತ ಹುಟ್ಟದಿರುವುದು ಲೇಸಲ್ಲವೇ? ಎರಡೂ ತಾಲೂಕುಗಳ ಪ್ರತಿ ಪಶು ಚಿಕಿತ್ಸಾಲಯದಲ್ಲಿ ಅದು ಬಡವರಿಗೆ ಎಟುಕುವ ದರದಲ್ಲಿ ಸಿಗಬೇಕೆಂದು ನಾವು ಪಟ್ಟು ಹಿಡಿಯಬೇಕು. ಹುಟ್ಟಿದ ಹೋರಿಗರುವನ್ನು ಉಳಿಸಿರೆಂದು ಕಾಯದೆ ಹೇಳುವುದಾದರೆ, ಸಾಕುವವಳಿಗೆ ಅದರ ಹುಲ್ಲಿನ ಹಣವನ್ನು ಸರಕಾರವೇ ಕೊಡಲಿ. ಕೊಡಲಾರದಿದ್ದರೆ ಕಾಯದೆಯನ್ನು ತಿದ್ದಲಿ. ಇದನ್ನು ನಾನು, ಈ ಸಭೆಯ ಒಬ್ಬನೇ ಸಸ್ಯಾಹಾರಿ, ಬಾಯಿ ಬಿಟ್ಟು ಹೇಳುತ್ತಿದ್ದೇನ. ನನಗೆ ಹೇಳಲು ಸುಲಭವಲ್ಲ.

ಕೋಳಿ ಶೆಡ್ಡುಗಳ ಕರಾರು ಕಾಗದಗಳನ್ನು ಕೂಡಿಸುವ ಕೆಲಸ ಈ ವಾರವೇ ಪ್ರಾರಂಭವಾಗಬೇಕು. ಕನ್ನಡದಲ್ಲಿ ಕರಾರು, ರೈತನ ಎದುರಿಗೆ ತೂಕ, ಸೆಕೆಗೆ ಸತ್ತ ಕೋಳಿಯ ನಷ್ಟದಲ್ಲಿ ಕಂಪನಿಯ ಪಾಲು, ಪ್ರತಿ ಹಕ್ಕಿಗೆ ಹೆಚ್ಚು ಜಾಗ. ಕೊನೆಯದನ್ನು ಬೇಡಿಕೆಯ ಪಟ್ಟಿಯಲ್ಲಿ ಸೇರಿಸಿದರೆ ಕಂಪನಿಯವರು ನಗಬಹುದು. ರೈತರು ನಗುವುದಿಲ್ಲವೆಂದು ನನಗೆ ಭರವಸೆಯಿದೆ. ಜಾಗ ಹೆಚ್ಚಿದರೆ ಸೆಕೆಗೆ ಸಾಯುವುದು ಕಡಿಮೆಯಾಗುವುದೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಹಿಂದಿನ ಸಾಲಿನ ಆ ಹುಡುಗ ಈಗ ಕಾರವಾರದಲ್ಲಿ ಒಂದು ಗ್ಯಾರೇಜಿನಲ್ಲಿದ್ದಾನೆ. ಕಳೆದ ವಾರ ಸಿಕ್ಕಿದ್ದ. ನಿಲ್ಲಿಸಿದ್ದಕ್ಕೆ ಕ್ಷಮೆ ಕೇಳಿದೆ. ಅವನಿಗೆ ನೆನಪೇ ಇರಲಿಲ್ಲ. ನೆನಪು ಮಾಡಿಕೊಟ್ಟ ಮೇಲೆ, "ಹೌದು ಸರ್, ಅದು ಗಂಡೋ ಹೆಣ್ಣೋ ನೀವು ಹೇಳಲೇ ಇಲ್ಲ" ಎಂದ.

ನಾಳೆ ಬೆಳಿಗ್ಗೆ ಹಿಲ್ಲೂರಿನ ಕಡೆಗೆ ಹೋಗುವ ಮೊದಲ ಬಸ್ಸಿಗೆ ನಾನು ಹೊರಡುತ್ತೇನೆ. ಶೆಡ್ಡುಗಳ ಕಾಗದ ನೋಡಲು ಇಬ್ಬರು ಸಂಗಡ ಬೇಕು, ಇಂಗ್ಲೀಷು ಓದಬಲ್ಲವರಾದರೆ ಒಳ್ಳೆಯದು. ಊಟ ಅಲ್ಲಿಯೇ ರೈತರ ಮನೆಯಲ್ಲಿ. ಅವರು ಏನು ಬಡಿಸುತ್ತಾರೋ ಅದನ್ನು ನೀವು ಉಣ್ಣಿರಿ, ನನಗೆ ಗಂಜಿಯಾದರೂ ನಡೆದೀತು.